ಮ್ಯಾಚ್ ಮುಗಿದಿದ್ದು ಹನ್ನೆರಡಕ್ಕೆ, ವ್ಯಾನ್ ಬಂದಿದ್ದು ಏಳಕ್ಕೆ

ಮೇಡಂ, ನಮಸ್ಕಾರ. ಹೆಸರು ಹಾಕಬೇಡಿ ಅಂತ ಕೊನೇಲಿ ಎರಡೆರಡು ಗೆರೆ ಎಳೆದು ಬರೆದಿದ್ದೀರಿ, ಹಾಕ್ತಿಲ್ಲ. ಶಾಲೆ ಹೆಸರೂ ಬೇಡ. ಕೆಂಗೇರಿ ಕಡೆಯವರು ಅಂತಷ್ಟೇ ಇರಲಿ.

ಮಿಕ್ಕ ಓದುಗರಿಗೆ ಪತ್ರದಲ್ಲಿ ಏನಿತ್ತು ಅಂತ ಹೇಳ್ಬಿಡ್ತೀನಿ. 2025ರ ನವೆಂಬರ್ 2, ಭಾನುವಾರ, ಮಹಿಳಾ ಕ್ರಿಕೆಟ್ ವಿಶ್ವಕಪ್ ಫೈನಲ್. ಇವರ ಮಗಳು ಎಂಟನೇ ಕ್ಲಾಸು, ವೀಕೆಂಡಲ್ಲಿ ಕೋಚಿಂಗಿಗೆ ಹೋಗ್ತಾಳೆ, ಆಫ್ ಸ್ಪಿನ್ ಹಾಕ್ತಾಳೆ, ದೀಪ್ತಿ ಶರ್ಮಾ ಅಂದ್ರೆ ಪ್ರಾಣ. ಮೂರು ಗಂಟೆಗೆ ಶುರುವಾಗಬೇಕಿದ್ದ ಮ್ಯಾಚು ಮಳೆ ಬಂದು ಐದಕ್ಕೆ ಶುರುವಾಗಿ, ಮುಗಿಯೋಷ್ಟರಲ್ಲಿ ಮಧ್ಯರಾತ್ರಿ. ಒಂಬತ್ತೂವರೆಗೆ "ಸಾಕು ಮಲಗು" ಅಂದ ಅಮ್ಮನೂ ಕೊನೇವರೆಗೂ ಕೂತು ನೋಡಿದ್ರಂತೆ. ಬೆಳಗ್ಗೆ ಏಳಕ್ಕೆ ಬರೋ ವ್ಯಾನು ಹುಡುಗೀನ ಬಿಟ್ಟು ಹೋಯ್ತು, ಆಟೋ ಹಿಡಿದು ಶಾಲೆ ಮುಟ್ಟಿದಾಗ ಇಪ್ಪತ್ತು ನಿಮಿಷ ಲೇಟು, ಫಸ್ಟ್ ಪೀರಿಯಡ್ ಪೂರ್ತಿ ಕಾರಿಡಾರಲ್ಲಿ ನಿಲ್ಲಿಸಿದ್ರು, ಡೈರೀಲಿ ಕೆಂಪು ಇಂಕಲ್ಲಿ "ಶಿಸ್ತಿಲ್ಲ, ಪೋಷಕರು ಸಹಿ ಮಾಡಿ ಕಳಿಸಿ" ಅಂತ ಬಂತು. ಫಾರಿನ್ನಲ್ಲಿ ಇಂಥ ಮ್ಯಾಚಿನ ಮಾರನೇ ದಿನ ಶಾಲೆ ಲೇಟಾಗಿ ಶುರು ಮಾಡ್ತಾರಂತಲ್ಲ, ನಮ್ಮಲ್ಲೂ ಸರ್ಕಾರ ಆರ್ಡರ್ ಮಾಡ್ಲಿ ಅಂತ ನೀವು ಬರೀರಿ ಸಾರ್, ಇದು ಮೇಡಂ ಕೋರಿಕೆ.

ಬರೀತೀನಿ ಮೇಡಂ, ಆದ್ರೆ ನೀವು ಕೇಳಿದ ಹಾಗೇ ಬರೆಯೋಕಾಗಲ್ಲ.

ಮೊದಲು ಫಾರಿನ್ ವಿಷಯ ನೋಡೋಣ. ಸುದ್ದಿ ನಿಜಾನೇ. ಅಮೆರಿಕದಲ್ಲಿ ಸೂಪರ್ ಬೌಲ್ ಅಂತ ಅವರ ಫುಟ್‌ಬಾಲ್ ಫೈನಲ್ ಇದೆ, ಅದು ಭಾನುವಾರ ರಾತ್ರೀನೇ ನಡೆಯೋದು, ಮಾರನೇ ದಿನ ಸೋಮವಾರ ಶಾಲೆ. ಫಿಲಡೆಲ್ಫಿಯಾ ಟೀಮು 2023ರಲ್ಲಿ ಫೈನಲಿಗೆ ಬಂದಾಗ ಅಲ್ಲಿನ ಸರ್ಕಾರಿ ಶಾಲೆಗಳು ಸೋಮವಾರ ಎರಡು ಗಂಟೆ ತಡವಾಗಿ ಶುರು ಅಂತ ಹೇಳಿದ್ವು. ಸಿನ್ಸಿನಾಟಿಯವರು 2022ರಲ್ಲಿ ಪೂರ್ತಿ ರಜೆಯನ್ನೇ ಕೊಟ್ರು. ಇಂಗ್ಲೆಂಡಿನಲ್ಲಿ 2021ರ ಯೂರೋ ಕಪ್ ಫುಟ್‌ಬಾಲ್ ಫೈನಲ್ ಪೆನಾಲ್ಟಿ ಶೂಟೌಟ್‌ವರೆಗೂ ಎಳೀತಲ್ಲ, ಆಗಲೂ ಎಷ್ಟೋ ಶಾಲೆಗಳ ಹೆಡ್‌ಮಾಸ್ಟರುಗಳು ತಾವೇ ನಿರ್ಧಾರ ಮಾಡಿ ಮಕ್ಕಳು ಸ್ವಲ್ಪ ತಡವಾಗಿ ಬರಲಿ ಅಂದಿದ್ರು.

ಈಗ ನಾನು ಹೇಳಿದ ಮೂರೂ ಕಡೆ ಏನಾಯ್ತು ಗೊತ್ತಾ? ಮೂರೂ ಟೀಮು ಸೋತ್ವು. ಫಿಲಡೆಲ್ಫಿಯಾ 38-35ರಲ್ಲಿ ಸೋತ್ರು, ಸಿನ್ಸಿನಾಟಿ 23-20, ಇಂಗ್ಲೆಂಡ್ ಪೆನಾಲ್ಟೀಲಿ ಇಟಲಿ ಕೈಲಿ. ಆದ್ರೂ ಮಕ್ಕಳಿಗೆ ಲೇಟಾಗಿ ಬರೋ ಅವಕಾಶ ಸಿಕ್ತು, ಯಾಕಂದ್ರೆ ಹೇಳಿದ್ದು ಮ್ಯಾಚಿಗಿಂತ ಮುಂಚೆ. ಗೆದ್ದರೆ ಬಹುಮಾನ ಅನ್ನೋ ಲೆಕ್ಕ ಅಲ್ಲ ಅದು, ರಾತ್ರಿ ಊರಿಗೆ ಊರೇ ಎದ್ದಿರತ್ತೆ, ಬೆಳಗ್ಗೆ ಅರ್ಧ ಕ್ಲಾಸು ತೂಕಡಿಸತ್ತೆ, ಅದಕ್ಕೆ ಮೊದಲೇ ಒಂದು ವ್ಯವಸ್ಥೆ ಅಷ್ಟೆ. ಇದರ ಎದುರು ಇನ್ನೊಂದು ಥರದ್ದೂ ಇದೆ. 2022ರ ಫುಟ್‌ಬಾಲ್ ವಿಶ್ವಕಪ್ಪಲ್ಲಿ ಸೌದಿ ಅರೇಬಿಯಾ ಅರ್ಜೆಂಟೀನಾನ 2-1ರಲ್ಲಿ ಸೋಲಿಸ್ತು, ರಾಜರು ಮಾರನೇ ದಿನಕ್ಕೆ ಇಡೀ ದೇಶಕ್ಕೆ ರಜೆ ಘೋಷಿಸಿಬಿಟ್ರು. ಅದು ಹಬ್ಬ. ನೀವು ಕೇಳ್ತಿರೋದು ಮೊದಲನೇದು, ಆದ್ರೆ ನಮ್ಮಲ್ಲಿ ಕೇಳಿದ್ರೆ ಸಿಗೋದು ಎರಡನೇದು ಅಂತ ನನ್ನ ಭಯ.

ಯಾಕೆ ಭಯ ಅಂದ್ರೆ ಜೂನ್ ತಿಂಗಳು ನೆನಪಿದೆಯಲ್ಲ. 2025ರ ಜೂನ್ 3 ಮಂಗಳವಾರ ರಾತ್ರಿ ಅಹಮದಾಬಾದಲ್ಲಿ ಆರ್‌ಸಿಬಿ 6 ರನ್ನಲ್ಲಿ ಗೆದ್ದು ಹದಿನೆಂಟನೇ ಸೀಸನ್ನಲ್ಲಿ ಕೊನೆಗೂ ಕಪ್ ನಮ್ಮದಾಯ್ತು. ಸುಳ್ಳು ಯಾಕೆ, ನಾನೂ ಮನೆ ಹೊರಗೆ ಬಂದು ಕೂಗಾಡಿದೀನಿ, ನಮ್ಮ ಬೀದೀಲಿ ರಾತ್ರಿ ಒಂದೂವರೆವರೆಗೂ ಪಟಾಕಿ. ಬುಧವಾರ ನಮ್ಮ ಆಫೀಸಿಗೆ ಪೇಜ್ ಮಾಡೋ ಹುಡುಗ ಹನ್ನೊಂದೂವರೆಗೆ ಬಂದ, ನಾನು ಒಂದು ಮಾತಾಡಲಿಲ್ಲ, ನಾನೇ ಹನ್ನೊಂದಕ್ಕೆ ಬಂದಿದ್ದು. ಅವತ್ತು ಬೆಳಗ್ಗೆಯಿಂದ ಮೆರವಣಿಗೆ ಇದೆ ಅಂತ ಒಂದು ಸುದ್ದಿ, ಇಲ್ಲ ಅಂತ ಇನ್ನೊಂದು ಸುದ್ದಿ, ಜನ ಮಾತ್ರ ಮೆಟ್ರೋ ತುಂಬ್ಕೊಂಡು ಹೋಗ್ತಾನೇ ಇದ್ರು. ಸಂಜೆ ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದ್ರು, ಶಾಲೆಗೆ ಹೋಗೋ ವಯಸ್ಸಿನ ಮಗುವೂ ಇತ್ತು ಅದರಲ್ಲಿ. ಶಾಲೆ ಟೈಮಿಗೂ ಅದಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಗೆದ್ದ ರಾತ್ರಿಯ ಗುಂಗಲ್ಲಿ ತಗೊಳೋ ತೀರ್ಮಾನ ಹೇಗಿರತ್ತೆ ಅಂತ ನಾವು ಕಣ್ಣಾರೆ ಕಂಡಿದೀವಿ, ಅಷ್ಟು ಹೇಳ್ತಿದೀನಿ. ರಾತ್ರಿ ಹನ್ನೆರಡೂವರೆಗೆ "ನಾಳೆ ಶಾಲೆ ಹತ್ತಕ್ಕೆ" ಅಂತ ಮಂತ್ರಿಯೊಬ್ಬರು ಪೋಸ್ಟ್ ಹಾಕಿದ್ರೆ ಅದು ಎಷ್ಟು ಮನೆಗೆ ಮುಟ್ಟತ್ತೆ ಹೇಳಿ? ಮಲಗಿದವರ ಮಕ್ಕಳು ಮಾಮೂಲಿ ಟೈಮಿಗೆ ಹೋಗಿ ಬೀಗ ಹಾಕಿದ ಗೇಟ್ ಮುಂದೆ ನಿಂತಿರ್ತಾರೆ.

ಅಂದಹಾಗೆ ನಿಮ್ಮ ಮಗಳು ಟೀವೀಲಿ ನೋಡಿದ ಆ ಫೈನಲ್ಲು ನಮ್ಮ ಚಿನ್ನಸ್ವಾಮೀಲೇ ನಡೀಬಹುದಿತ್ತು. ಮೊದಲ ಪಟ್ಟೀಲಿ ಫೈನಲಿಗೆ ಬೆಂಗಳೂರು, ಇಲ್ಲಾಂದ್ರೆ ಕೊಲಂಬೊ ಅಂತಾನೇ ಇದ್ದಿದ್ದು. ಜೂನ್ 4ರ ನಂತರ ಬೆಂಗಳೂರನ್ನ ಕೈಬಿಟ್ಟು ನವಿ ಮುಂಬೈಗೆ ಕೊಟ್ರು. ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯತ್ತೆ. ಶೆಫಾಲಿಯ 87, ದೀಪ್ತಿಯ ಅರ್ಧ ಶತಕ, ಆಮೇಲೆ ಅವಳದ್ದೇ ಐದು ವಿಕೆಟ್ಟು, ಹಿಂದಕ್ಕೆ ಓಡ್ತಾ ಓಡ್ತಾ ಹರ್ಮನ್ ಹಿಡಿದ ಆ ಕೊನೇ ಕ್ಯಾಚು, ಇಷ್ಟನ್ನೂ ನಿಮ್ಮ ಹುಡುಗಿ ಗ್ಯಾಲರೀಲಿ ಕೂತು ನೋಡಬಹುದಿತ್ತು.

ಸರಿ, ಸರ್ಕಾರದ ಆರ್ಡರ್ ಬೇಡ ಅನ್ನೋಕೆ ಇನ್ನೊಂದು ಕಾರಣ ಇದೆ, ಇದು ಸಣ್ಣದಾಗಿ ಕಾಣತ್ತೆ ಆದ್ರೆ ನನಗೆ ಇದೇ ದೊಡ್ಡದು. ಲೇಟ್ ಶಾಲೆ ಅನ್ನೋದು ಮನೇಲಿ ಯಾರಾದ್ರೂ ಇರೋ ಮಕ್ಕಳಿಗೆ ಮಾತ್ರ ಸುಖ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗೋ ತಾಯಿ ಎಂಟೂವರೆಗೆ ಮನೆ ಬಿಡಬೇಕು, ಫೈನಲ್ ಇತ್ತು ಅಂತ ಫ್ಯಾಕ್ಟರಿ ಗೇಟು ಅವಳಿಗೆ ಕಾಯಲ್ಲ, ಆಗ ಆರು ವರ್ಷದ ಮಗೂನ ಯಾರ ಕೈಲಿ ಬಿಡ್ತಾಳೆ? ಹಳ್ಳಿ ಕಡೆ ಹೋದ್ರೆ ಬೆಳಗ್ಗೆ ಒಂದೇ ಬಸ್ಸು, ಪಾಸ್ ಇರೋ ಮಕ್ಕಳೆಲ್ಲ ಅದರಲ್ಲೇ ಬರಬೇಕು, ಅದು ಮಿಸ್ ಆದ್ರೆ ಮುಂದಿಂದು ಮಧ್ಯಾಹ್ನ. ಸರ್ಕಾರಿ ಶಾಲೇಲಿ ಬೆಳಗ್ಗೆ ಹಾಲು ಕೊಡ್ಬೇಕು, ಬಿಸಿಯೂಟಕ್ಕೆ ಒಲೆ ಹಚ್ಚಬೇಕು, ಅಡುಗೆಯವರು ಬರೋ ಹೊತ್ತು ಬದಲಾಯಿಸಬೇಕು. ನಿಮ್ಮ ವ್ಯಾನ್ ಡ್ರೈವರಣ್ಣನೂ ಅಷ್ಟೇ, ನಿಮ್ಮ ಶಾಲೆ ಟ್ರಿಪ್ ಮುಗಿಸಿ ಇನ್ನೊಂದು ಶಾಲೆ ಟ್ರಿಪ್ ಹೊಡೀತಾನೆ, ಒಂದು ಶಾಲೆ ಟೈಮ್ ಬದಲಾದ್ರೆ ಇನ್ನೊಂದು ಶಾಲೆ ಮಕ್ಕಳು ರಸ್ತೇಲಿ.

ಹಂಗಂತ ನಿಮ್ಮ ಮಗಳನ್ನ ನಿಲ್ಲಿಸಿದ್ದು ಸರಿ ಅಂತಲ್ಲ. ಅದು ತಪ್ಪೇ.

ಇಲ್ಲಿ ನನ್ನದೊಂದು ಹಳೇ ಕತೆ ಹೇಳ್ಬೇಕು. 1999ರ ವಿಶ್ವಕಪ್ಪು, ಇಂಗ್ಲೆಂಡಲ್ಲಿ. ಜೂನ್ 8, ಮಂಗಳವಾರ, ಮ್ಯಾಂಚೆಸ್ಟರಲ್ಲಿ ಇಂಡಿಯಾ ಪಾಕಿಸ್ತಾನ. ಅಲ್ಲಿ ಬೆಳಗ್ಗೆ ಶುರುವಾದ್ರೆ ನಮಗೆ ಮಧ್ಯಾಹ್ನ ಮೂರು ದಾಟಿರತ್ತೆ, ಮುಗಿಯೋದು ರಾತ್ರಿ. ನಾನು ತೀರ್ಥಹಳ್ಳಿ ಹತ್ರದ ಒಂದು ಹೈಸ್ಕೂಲಲ್ಲಿ ಓದ್ತಿದ್ದೆ, ಶಾಲೆ ಆಗಷ್ಟೇ ಶುರುವಾಗಿತ್ತು, ಜೋರು ಮಳೆ, ಕರೆಂಟು ಬರೋದು ಹೋಗೋದು, ಮಧ್ಯದಲ್ಲಿ ಟೀವಿ ಬಿಟ್ಟು ಟ್ರಾನ್ಸಿಸ್ಟರಿಗೆ ಕಿವಿ ಕೊಟ್ಕೊಂಡು ಕೇಳಿದ್ದು. ನಮ್ಮ ದ್ರಾವಿಡ್ 61 ಹೊಡೆದಿದ್ರು. ಆಮೇಲೆ ಬಿದ್ದ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ನಮ್ಮ ಕರ್ನಾಟಕದವರದ್ದೇ, ವೆಂಕಟೇಶ್ ಪ್ರಸಾದ್ 5, ಶ್ರೀನಾಥ್ 3, ಕುಂಬ್ಳೆ 2. ಬುಧವಾರ ಬೆಳಗ್ಗೆ ಪ್ರೇಯರಿಗೆ ಅರ್ಧ ಜನ ಇಲ್ಲ. ನಾವು ನಾಲ್ಕೈದು ಜನ ಛತ್ರಿ ಮಡಚ್ಕೊಂಡು ಬಾಗಿಲಲ್ಲಿ ನಿಂತ್ವಿ, ಗಣಿತದ ಮೇಷ್ಟ್ರು ಒಳಗೆ ಬನ್ನಿ ಅಂತ ಕೈ ಮಾಡಿ, ಬೋರ್ಡ್ ಮೇಲೆ 5+3+2 ಅಂತ ಬರೆದು, ಏನೂ ಗೊತ್ತಿಲ್ಲದವರ ಥರ ಮುಖ ಮಾಡ್ಕೊಂಡು "ಉತ್ತರ ಹೇಳಿದವರು ಕೂತ್ಕೊಳಿ" ಅಂದ್ರು. ಇಡೀ ಕ್ಲಾಸು ಕಿರುಚಿತು. ಅವರ ಕಣ್ಣೂ ಕೆಂಪಗಿತ್ತು, ಅದು ಆಮೇಲೆ ಹೊಳೆದಿದ್ದು.

ನಮ್ಮ ಕಡೆ ಇದು ಹೊಸದೂ ಅಲ್ಲ. ಊರಲ್ಲಿ ಯಕ್ಷಗಾನ ಇದ್ರೆ ಬೆಳಗಿನವರೆಗೂ ಆಟ ನೋಡಿ ಗದ್ದೆ ಬಯಲಿಂದ ನೇರ ಬಂದು ಸ್ನಾನ ಮಾಡಿ ಶಾಲೆಗೆ ಹೋದವರೇ ನಾವೆಲ್ಲ. ಮೇಷ್ಟ್ರಿಗೆ ಗೊತ್ತಿರ್ತಿತ್ತು, ಹಿಂದಿನ ಬೆಂಚಿನವರು ನಿದ್ದೆ ಮಾಡಿದ್ರೆ ಅವತ್ತೊಂದಿನ ಚಾಕ್‌ಪೀಸ್ ಬೀಳ್ತಿರಲಿಲ್ಲ. ಜಾತ್ರೆ ತೇರಿಗೆ ಶಾಲೆಯವರೇ ಸ್ಥಳೀಯ ರಜೆ ಕೊಡ್ತಾರೆ, ಮಂಗಳೂರು ಕೊಡಗಿನ ಕಡೆ ಮಳೆ ಜೋರಾದ್ರೆ ಡಿಸಿ ರಜೆ ಕೊಟ್ಟು ಆಮೇಲೆ ಶನಿವಾರವೋ ಭಾನುವಾರವೋ ತುಂಬಿಸ್ಕೊಳ್ತಾರೆ. ಊರು ಹೇಗಿದೆಯೋ ಶಾಲೆ ಅದಕ್ಕೆ ಸ್ವಲ್ಪ ಬಗ್ಗೋದು ನಮಗೆ ಅಭ್ಯಾಸ ಇರೋ ವಿಷಯಾನೇ.

ಆದ್ರೆ ಆ ಮೇಷ್ಟ್ರ ಕಾಲ ಈಗಿಲ್ಲ ಅನ್ನೋದೂ ನಿಜ. ನಾವು ನಡ್ಕೊಂಡು ಹೋಗ್ತಿದ್ವಿ, ಈಗಿನ ಮಕ್ಕಳು ಗಂಟೆಗಟ್ಟಲೆ ಟ್ರಾಫಿಕ್ಕಲ್ಲಿ. ಆಗ ಹಾಜರಿ ಪುಸ್ತಕ ಮೇಷ್ಟ್ರ ಕೈಲಿತ್ತು, ಈಗ ಎಷ್ಟೋ ಶಾಲೇಲಿ ಹಾಜರಿ ಆ್ಯಪಲ್ಲಿ, ಲೇಟ್ ಅಂತ ಒತ್ತಿದ್ರೆ ನಿಮಗೆ ಮೆಸೇಜ್ ಬರೋದಷ್ಟೇ ಬಾಕಿ. ಟೀಚರಿಗೆ ಮನಸ್ಸಿದ್ರೂ ಕೈ ಕಟ್ಟಿರತ್ತೆ. ಡೈರಿ ಬರೆದ ಆ ಟೀಚರ್ ಮೇಲೂ ನನಗೆ ಅಷ್ಟು ಕೋಪ ಇಲ್ಲ, ಆಯಮ್ಮನೂ ರಾತ್ರಿ ನೋಡಿ ಬೆಳಗ್ಗೆ ಐದಕ್ಕೆದ್ದು ಟಿಫಿನ್ ಕಟ್ಟಿ ಬಂದಿರಬಹುದು ಯಾರಿಗ್ಗೊತ್ತು. ಅದಕ್ಕೇ ಟೀಚರ ದಯೆ ಮೇಲೆ ಬಿಡೋ ಬದಲು ಶಾಲೇನೇ ಮೊದಲೇ ಒಂದು ಸಾಲು ಹೇಳಿಬಿಡಲಿ ಅನ್ನೋದು ನನ್ನ ವಾದ. ಗೇಟು ಮಾಮೂಲಿ ಟೈಮಿಗೇ ತೆಗೀಲಿ, ಬೇಗ ಬರಲೇಬೇಕಾದ ಮಕ್ಕಳು ಬರಲಿ, ಹಾಲು ಕುಡಿದು ಆಡ್ಕೊಳ್ಳಲಿ, ಮೊದಲ ಎರಡು ಪೀರಿಯಡ್ ಪಾಠ ಬೇಡ ಟೆಸ್ಟ್ ಬೇಡ, ಲೈಬ್ರರಿ ಪಿಟಿ ಏನಾದ್ರೂ ಇಟ್ಕೊಳ್ಳಲಿ, ಅಷ್ಟರೊಳಗೆ ಬಂದವರಿಗೆ ಲೇಟ್ ಮಾರ್ಕ್ ಇಲ್ಲ. ವರ್ಷಕ್ಕೆ ಇಂಥ ದಿನ ಒಂದೋ ಎರಡೋ, ಯಾವ್ಯಾವುದು ಅಂತ ಪೋಷಕರ ಮೀಟಿಂಗಲ್ಲೇ ಗೊತ್ತಾಗಲಿ. ಐಪಿಎಲ್ಲಿನ ಪ್ರತಿ ಮ್ಯಾಚಿಗೂ ಅಂತ ಶುರು ಮಾಡಿದ್ರೆ ಶಾಲೆ ಮುಚ್ಚೋದೇ ವಾಸಿ. ಮತ್ತೆ ಗಂಡಸರ ಫೈನಲಿಗೆ ಇದ್ದ ರಿಯಾಯಿತಿ ಹೆಂಗಸರ ಫೈನಲಿಗೂ ಇರಬೇಕು, ಇದರಲ್ಲಿ ಚೌಕಾಸಿ ಇಲ್ಲ. ನಿಮ್ಮ ಪತ್ರ ಓದ್ತಾ ನನಗೆ ಕಾಡಿದ್ದು ಇದೇ, ಕೊಹ್ಲಿ ಆಡಿದ ಫೈನಲ್ ಆಗಿದ್ರೆ ಆ ಕಾರಿಡಾರಲ್ಲಿ ಇನ್ನೂ ಇಪ್ಪತ್ತು ಜನ ಇರ್ತಿದ್ರು, ಇಪ್ಪತ್ತು ಜನಾನ ಯಾರೂ ನಿಲ್ಲಿಸಲ್ಲ.

ನಿದ್ದೆ ಬಗ್ಗೆ ನೀವು ಬರೆದಿದ್ದಕ್ಕೆ ಸ್ವಲ್ಪ ಖಾರವಾಗೇ ಹೇಳ್ತೀನಿ, ಬೇಜಾರಾಗಬೇಡಿ. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ತಜ್ಞರ ಸಂಸ್ಥೆ ಹೇಳತ್ತೆ. ನಿಮ್ಮ ಮಗಳು ಅವತ್ತು ಒಂದು ಗಂಟೆಗೆ ಮಲಗಿ ಆರಕ್ಕೆ ಏಳಬೇಕಿತ್ತು, ಐದು ಗಂಟೆ. ಶಾಲೆ ಒಂದು ಗಂಟೆ ತಡ ಆಗಿದ್ರೂ ಆರೇ ಗಂಟೆ. ಮಿಕ್ಕ ದಿನ? ಹನ್ನೊಂದಕ್ಕೆ ಮಲಗ್ತಾಳೆ ಅಂತ ನೀವೇ ಬರೆದಿದ್ದೀರಿ, ಅಂದ್ರೆ ಏಳು. ವರ್ಷವೆಲ್ಲ ಕಮ್ಮಿ ನಿದ್ದೆ ಮಾಡೋ ಹುಡುಗಿಗೆ ಒಂದು ಫೈನಲ್ ರಾತ್ರಿ ದೊಡ್ಡ ವಿಷಯ ಅಲ್ಲ, ದಿನಾ ಏಳು ಗಂಟೆಗೆ ಬರೋ ಆ ವ್ಯಾನು ದೊಡ್ಡ ವಿಷಯ. ಆ ವಯಸ್ಸಲ್ಲಿ ದೇಹಾನೇ ತಡವಾಗಿ ನಿದ್ದೆಗೆ ಜಾರತ್ತೆ, ಸೋಮಾರಿತನ ಅಲ್ಲ ಅದು. ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈಯಿಂದ ಬಹುತೇಕ ಹೈಸ್ಕೂಲುಗಳು ಎಂಟೂವರೆಗಿಂತ ಮುಂಚೆ ಶುರು ಮಾಡಂಗಿಲ್ಲ ಅಂತ ಕಾನೂನೇ ಇದೆ. ನಮ್ಮ ಬೆಂಗಳೂರಲ್ಲಿ 2023ರಲ್ಲಿ ಚರ್ಚೆ ಆಗಿದ್ದು ಉಲ್ಟಾ, ಟ್ರಾಫಿಕ್ ಕಮ್ಮಿ ಮಾಡೋಕೆ ಶಾಲೇನ ಇನ್ನೂ ಬೇಗ ಶುರು ಮಾಡಿದ್ರೆ ಹೇಗೆ ಅಂತ! ಪೋಷಕರೂ ಶಾಲೆಯವರೂ ಒಪ್ಪಲಿಲ್ಲ, ಬಚಾವು.

ಇನ್ನು ಡೈರಿ. ಸಹಿ ಮಾಡಿ ಕಳಿಸಿ, ಜಗಳ ಬೇಡ. ಕೆಳಗೆ ಒಂದು ಸಾಲು ಬರೀರಿ, "ರಾತ್ರಿ ಫೈನಲ್ ನೋಡೋಕೆ ನಾನೇ ಬಿಟ್ಟಿದ್ದೆ, ತಪ್ಪು ನನ್ನದು, ಅವಳನ್ನ ಹೊರಗೆ ನಿಲ್ಲಿಸೋದು ಬೇಡ" ಅಂತ. ಆಮೇಲೆ ಮುಂದಿನ ಪೋಷಕರ ಮೀಟಿಂಗಲ್ಲಿ ಒಂದು ದಿನಾಂಕ ಕೈಲಿ ಹಿಡ್ಕೊಂಡು ಹೋಗಿ: ಜುಲೈ 19, 2026. ಫುಟ್‌ಬಾಲ್ ವಿಶ್ವಕಪ್ ಫೈನಲ್ಲು, ನ್ಯೂಜೆರ್ಸಿಯಲ್ಲಿ, ಅಲ್ಲಿ ಭಾನುವಾರ ಮಧ್ಯಾಹ್ನ ಅಂದ್ರೆ ನಮಗೆ ನಡುರಾತ್ರಿ, ಬೆಳಗಾದ್ರೆ ಸೋಮವಾರ. ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇಟ್ಕೊಂಡಿರೋ ಜನ ಇದಾರೆ ಮೇಡಂ, ಆ ಬೀದಿ ಮಕ್ಕಳು ಅವತ್ತು ಮಲಗ್ತಾರೆ ಅಂತೀರಾ? ಇನ್ನೂ ತಿಂಗಳುಗಟ್ಟಲೆ ಟೈಮಿದೆ, ಈಗಲೇ ಕೇಳಿ. ಪ್ರಿನ್ಸಿಪಾಲ್ ಏನಂದ್ರು ಅಂತ ನನಗೊಂದು ಸಾಲು ಬರೀರಿ, ಅದನ್ನೂ ಹೆಸರಿಲ್ಲದೇ ಹಾಕ್ತೀನಿ.

- ಸಂ.