ಐಸ್‌ಲ್ಯಾಂಡಿನ ಕೊಲೆಗೆ ಲಂಡನ್ನಿನಲ್ಲಿ ಸೆರೆ

ಪ್ರಶ್ನೆ: ಅಂತರರಾಷ್ಟ್ರೀಯ ನ್ಯಾಯಾಲಯವೇ ಇಲ್ಲದ ಮಧ್ಯಯುಗದ ಯುರೋಪಿನಲ್ಲಿ ವರ್ತಕನಿಗೆ ಪರದೇಶದಲ್ಲಿ ಅನ್ಯಾಯವಾದರೆ ಯಾರಿಗೆ ದೂರು ಕೊಡುತ್ತಿದ್ದ? ಪರಿಹಾರ ಸಿಗುತ್ತಿತ್ತೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಅನ್ಯಾಯವಾದ ಊರಿನ ನ್ಯಾಯಸ್ಥಾನಕ್ಕೇ ಹೋಗಬೇಕಿತ್ತು. ಅಲ್ಲಿ ಕೆಲಸವಾಗದಿದ್ದರೆ ತನ್ನ ರಾಜನ ಮೊರೆ ಹೊಗುತ್ತಿದ್ದ. ರಾಜ ಅಲ್ಲಿನ ಆಡಳಿತಕ್ಕೆ ಪತ್ರ ಬರೆಯುತ್ತಿದ್ದ. ಅದಕ್ಕೂ ಜಗ್ಗದಿದ್ದರೆ ಪ್ರತೀಕಾರದ ಪರವಾನಗಿ ಕೊಡುತ್ತಿದ್ದ. ಅದನ್ನು ಹಿಡಿದವನು ತಪ್ಪಿತಸ್ಥನ ಊರಿನ ಯಾವ ವರ್ತಕನ ಸರಕನ್ನಾದರೂ ತನ್ನ ನಷ್ಟದಷ್ಟು ಜಪ್ತಿ ಮಾಡಬಹುದಿತ್ತು. ತಪ್ಪು ಮಾಡಿದವನೊಬ್ಬ, ತೆತ್ತವನು ಇನ್ನೊಬ್ಬ. ಈ ಪದ್ಧತಿಯ ಕ್ರೌರ್ಯವೆಲ್ಲ ಇರುವುದು ಇಲ್ಲೇ.

ಅದು ಎಲ್ಲಿಯವರೆಗೆ ಹೋಗಬಹುದಿತ್ತು ನೋಡಿ. 1467ರಲ್ಲಿ ಇಂಗ್ಲಿಷ್ ವರ್ತಕರು ಐಸ್‌ಲ್ಯಾಂಡಿನಲ್ಲಿ ಡೆನ್ಮಾರ್ಕ್ ರಾಜನ ಅಧಿಕಾರಿ ಬ್ಯೋರ್ನ್ ಥೋರ್ಲೈಫ್ಸನ್‌ನನ್ನು ಕೊಂದರು. ಮರುವರ್ಷ ರಾಜ ಒಂದನೇ ಕ್ರಿಶ್ಚಿಯನ್ ಬಾಲ್ಟಿಕ್ ಸಮುದ್ರದ ಬಾಗಿಲಿನಂತಿರುವ ಜಲಸಂಧಿಯಲ್ಲಿ ಇಂಗ್ಲಿಷ್ ಹಡಗುಗಳನ್ನು ಹಿಡಿಸಿದ. ಇದರಲ್ಲಿ ಡಾನ್‌ಜಿಗ್‌ನವರು ಕೈಜೋಡಿಸಿದ್ದಾರೆ ಎಂದು ಇಂಗ್ಲೆಂಡ್ ಆರೋಪಿಸಿತು. ಡಾನ್‌ಜಿಗ್ ಇದ್ದದ್ದು ಜರ್ಮನ್ ವರ್ತಕ ನಗರಗಳ ಒಕ್ಕೂಟವಾದ ಹ್ಯಾನ್ಸಾದಲ್ಲಿ. ಅಷ್ಟೇ ಸಾಕಾಯಿತು, ಲಂಡನ್ನಿನಲ್ಲಿದ್ದ ಹ್ಯಾನ್ಸಾ ವರ್ತಕರನ್ನೆಲ್ಲ ಸೆರೆಗೆ ತಳ್ಳಿ ಸರಕು ವಶಪಡಿಸಿಕೊಂಡರು. ಐಸ್‌ಲ್ಯಾಂಡನ್ನು ಕಂಡೇ ಇಲ್ಲದವರು ಅವರಲ್ಲಿ ಎಷ್ಟು ಮಂದಿಯೋ! ಇಂಗ್ಲೆಂಡಿನೊಡನೆ ಹೊಂದಿಕೊಂಡ ಕಲೋನ್ ನಗರದವರು ಮಾತ್ರ ಪಾರಾದರು. ಅದಕ್ಕಾಗಿ ಒಕ್ಕೂಟ 1471ರಲ್ಲಿ ಆ ನಗರವನ್ನೇ ಹೊರಹಾಕಿತು.

ಇಂಗ್ಲೆಂಡಿಗೂ ಹ್ಯಾನ್ಸಾಕ್ಕೂ ಸಮುದ್ರಯುದ್ಧ ನಡೆಯಿತು. ಕೊನೆಗೆ 1474ರಲ್ಲಿ ಉಟ್ರೆಕ್ಟ್‌ನಲ್ಲಿ ಒಪ್ಪಂದವಾಯಿತು. ನನಗೆ ಅತ್ಯಂತ ಜಾಣತನದ್ದೆನಿಸುವುದು ಅದರ ಪರಿಹಾರದ ಕಲಮು. ಇಂಗ್ಲೆಂಡ್ ಹ್ಯಾನ್ಸಾಕ್ಕೆ 10,000 ಪೌಂಡ್ ಕೊಡಬೇಕೆಂದು ನಿರ್ಧಾರವಾಯಿತು, ಆದರೆ ನಗದಾಗಿ ಅಲ್ಲ. ಆ ಮೊತ್ತ ತೀರುವವರೆಗೆ ಹ್ಯಾನ್ಸಾ ವರ್ತಕರು ಕಟ್ಟಬೇಕಾದ ಸುಂಕವನ್ನು ಮುರಿದುಕೊಳ್ಳುವ ಏರ್ಪಾಡು ಅದು. ರಾಜನ ಖಜಾನೆಯಿಂದ ಹಣ ಹೊರಡಬೇಕಿಲ್ಲ. ನಷ್ಟ ವಸೂಲಾಗಬೇಕಾದರೆ ಹ್ಯಾನ್ಸಾದವರು ಮತ್ತೆ ಬಂದು ವ್ಯಾಪಾರ ಮಾಡಲೇಬೇಕು. ಜೊತೆಗೆ ಥೇಮ್ಸ್ ದಡದ ಸ್ಟೀಲ್‌ಯಾರ್ಡ್ ಎಂಬ ವಸಾಹತು ಅವರ ಸ್ವಂತ ಆಸ್ತಿಯಾಯಿತು.

ಎಲ್ಲರಿಗೂ ಇಂಥ ಪರಿಹಾರ ಸಿಗಲಿಲ್ಲ. ಯುದ್ಧ ನಡೆಯುತ್ತಿದ್ದಾಗಲೇ, 1473ರಲ್ಲಿ, ಡಾನ್‌ಜಿಗ್‌ನ ಹಡಗು ನಾಯಕ ಪಾಲ್ ಬೆನೆಕೆ ಬರ್ಗಂಡಿ ಎಂಬ ಸಂಸ್ಥಾನದ ಧ್ವಜ ಹಾರಿಸಿದ್ದ ಹಡಗೊಂದನ್ನು ಹಿಡಿದ. ಬರ್ಗಂಡಿಗೆ ಆ ಯುದ್ಧದೊಡನೆ ಸಂಬಂಧವಿರಲಿಲ್ಲ. ಇಟಲಿಗೆ ಹೊರಟಿದ್ದ ಹಾನ್ಸ್ ಮೆಮ್ಲಿಂಗ್‌ನ ‘ಅಂತಿಮ ತೀರ್ಪು’ ಚಿತ್ರ ಅದರಲ್ಲಿತ್ತು. ಪೋಪ್ ಆಗ್ರಹಿಸಿದರೂ ಡಾನ್‌ಜಿಗ್ ಮರಳಿಸಲಿಲ್ಲ. ಗ್ದಾನ್‌ಸ್ಕ್ ಎನಿಸಿಕೊಂಡಿರುವ ಆ ನಗರದ ವಸ್ತುಸಂಗ್ರಹಾಲಯದಲ್ಲೇ ಚಿತ್ರ ಇಂದಿಗೂ ಇದೆ.