ಡಾಂಬರು ರಸ್ತೆಯಲ್ಲಿ ಹಳೆಯ ಮಿಲಿಟರಿ ಲಾರಿಯ ಫೋರ್ ವೀಲ್ ಲಿವರ್ ಏಕೆ ಸಿಕ್ಕಿಕೊಳ್ಳುತ್ತದೆ?

ಎಂಜಿನ್ ಶಕ್ತಿಯನ್ನು ಮುಂದಿನ ಗಾಲಿಗಳಿಗೂ ಕೊಡುವ ಫೋರ್ ವೀಲ್ ಲಿವರ್ ಡಾಂಬರು ರಸ್ತೆಯಲ್ಲಿ ಬಿಡದೆ ಸಿಕ್ಕಿಕೊಂಡರೆ, ನಿಮ್ಮ ಲಾರಿಯ ಗೇರ್‌ಬಾಕ್ಸ್ ಕೆಟ್ಟಿದೆ ಎಂದಲ್ಲ. ಅದನ್ನು ದಯವಿಟ್ಟು ಬಿಚ್ಚಬೇಡಿ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ತಿರುಚು ಬಿದ್ದು ಲಿವರ್ ಹಿಡಿದುಕೊಂಡಿದೆ.

ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ಲಿವರ್ ಎಳೆದು ಫೋರ್ ವೀಲ್ ಹಾಕುವ ಹಳೆಯ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು (ಗಾಲಿಗಳ ಅಚ್ಚುಗಳು) ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ನವಲಗುಂದದ ಎರೆಮಣ್ಣಿನ ಕೆಸರಿನಲ್ಲಾದರೆ ಗಾಲಿ ತುಸು ಜಾರಿ ಆ ವ್ಯತ್ಯಾಸ ಕರಗುತ್ತದೆ. ಹುಬ್ಬಳ್ಳಿ–ಧಾರವಾಡದ ಒಣ ರಸ್ತೆಯಲ್ಲಿ ಜಾರಲು ಎಡೆಯಿಲ್ಲ. ಆಕ್ಸಲ್‌ಗಳಿಗೆ ಶಕ್ತಿ ಒಯ್ಯುವ ಶಾಫ್ಟ್‌ಗಳು ಹಿಂಡಿದ ಒದ್ದೆ ಬಟ್ಟೆಯಂತೆ ಬಿಗಿಯುತ್ತವೆ, ಒಳಗಿನ ಗೇರ್ ಹಲ್ಲುಗಳು ಕಚ್ಚಿಕೊಳ್ಳುತ್ತವೆ.

ಹತ್ತಿಪ್ಪತ್ತು ಅಡಿ ನೇರವಾಗಿ ರಿವರ್ಸ್ ಹೋಗಿ, ಕ್ಲಚ್ ಒತ್ತಿ ಲಿವರ್ ಎಳೆಯಿರಿ. ಟಕ್ಕೆಂದು ಬಿಡುತ್ತದೆ. ಸುತ್ತಿಗೆಯಿಂದ ಬಡಿಯಲೇಬೇಡಿ, ಲಿವರ್ ಎಳೆದಾಗ ಒಳಗಿನ ಗೇರ್ ಸರಿಸುವ ಫೋರ್ಕ್ ಬಾಗಿದರೆ ಈ ಗಾಡಿಗಳ ಬಿಡಿಭಾಗ ಹುಡುಕುವುದೇ ದೊಡ್ಡ ಕೆಲಸ.

ಹಿಂದೆ ಮಾತ್ರ ಹೊಸ ಟೈರ್ ಹಾಕಿಸಿದ್ದೀರಾ? ವ್ಯಾಸದಲ್ಲಿ 2 ಸೆಂ.ಮೀ. ವ್ಯತ್ಯಾಸವಿದ್ದರೂ ಗಾಲಿಯ ಪ್ರತಿ ಸುತ್ತಿನಲ್ಲೂ ಸುಮಾರು 6 ಸೆಂ.ಮೀ. ಏರುಪೇರಾಗುತ್ತದೆ. ಆಗ ನೇರ ರಸ್ತೆಯಲ್ಲೂ ಲಿವರ್ ಸಿಕ್ಕಿಕೊಳ್ಳುತ್ತದೆ. ನಾಲ್ಕೂ ಕಡೆ ಒಂದೇ ಅಳತೆಯ, ಒಂದೇ ಸವೆತದ ಟೈರ್ ಇರಲಿ. ಫೋರ್ ವೀಲ್ ಅನ್ನು ಕೆಸರು, ಮರಳಿಗೆ ಇಳಿದಾಗ ಮಾತ್ರ ಹಾಕಿ.