ಅಮ್ಮ ‘ನಾನು ಚೆನ್ನಾಗಿದ್ದೀನಿ’ ಅಂದುಬಿಟ್ಟರೆ ಹಂತ ಕಡಿಮೆಯೇ ಬರುತ್ತದೆ

ಆಸ್ಟ್ರೇಲಿಯಾದಲ್ಲಿ ಹಳೆಯ ಹೋಮ್ ಕೇರ್ ಪ್ಯಾಕೇಜ್ ಹೋಗಿ 2025ರ ನವೆಂಬರ್ 1ರಿಂದ ‘ಸಪೋರ್ಟ್ ಅಟ್ ಹೋಮ್’ ಬಂದಿದೆ. ವಯಸ್ಸಾದವರಿಗೆ ಮನೆಯಲ್ಲೇ ಸೇವೆ ಕೊಡಿಸುವ ಸರ್ಕಾರದ ಯೋಜನೆ ಇದು. ನೆರವಿಗೆ ನಾಲ್ಕು ಹಂತ ಇದ್ದದ್ದು ಎಂಟಾಗಿದೆ; ಹಂತ ಹೆಚ್ಚಿದಷ್ಟೂ ಹಣ ಹೆಚ್ಚು. ನನಗೆ ಬರುವ ಪ್ರಶ್ನೆ ಮಾತ್ರ ಅದೇ: ನಮಗೆ ಹಂತ ಯಾಕೆ ಕಡಿಮೆ ಬಂತು?

ಪ್ರಶ್ನೆ: ತಾಯಿಗೆ 81 ವರ್ಷ. ಮೆಲ್ಬರ್ನ್‌ನಲ್ಲಿ ನಮ್ಮ ಜೊತೆ ಇದ್ದಾರೆ, ಪಿ.ಆರ್. (ಇಲ್ಲಿ ಕಾಯಂ ವಾಸದ ಅನುಮತಿ) ಆಗಿದೆ. ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಈ ವರ್ಷ ಎರಡು ಸಲ ಬಿದ್ದಿದ್ದಾರೆ. ಎಷ್ಟು ನೆರವು ಬೇಕೆಂದು ಸರ್ಕಾರ ಮಾಡಿಸುವ ಅಸೆಸ್‌ಮೆಂಟ್‌ನಲ್ಲಿ ಎರಡನೇ ಹಂತ ಬಂತು. ಪರಿಚಯದವರೊಬ್ಬರಿಗೆ ಐದು ಬಂದಿದೆ. ನಮಗೆ ಅನ್ಯಾಯ ಆಯ್ತಲ್ವಾ?

ಪರಿಚಯದವರ ಮಾತು ಬಿಡಿ. ಅವರ ಕಷ್ಟ ಬೇರೆ, ನಿಮ್ಮ ತಾಯಿಯ ಕಷ್ಟ ಬೇರೆ. ಆ ದಿನ ಮನೆಯಲ್ಲಿ ಏನು ನಡೆಯಿತು, ಅದನ್ನು ಹೇಳಿ.

ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅಸೆಸರ್ ಬರುತ್ತಾರೆಂದು ಬೆಳಿಗ್ಗೆಯೇ ಮನೆ ಒಪ್ಪ ಮಾಡಿರುತ್ತೀರಿ. ಸೊಸೆ ಸ್ನಾನ ಮಾಡಿಸಿ, ಒಳ್ಳೆ ಸೀರೆ ಉಡಿಸಿರುತ್ತಾಳೆ. ವಾಕರ್ ರೂಮಿನೊಳಗೆ ಹೋಗಿರುತ್ತದೆ. ಅಮ್ಮ ಗೋಡೆ ಹಿಡಿದುಕೊಂಡು ಬಂದು, ‘ಕಾಫಿ ತಗೊಳ್ಳಿ’ ಅನ್ನುತ್ತಾರೆ. ಸ್ನಾನ? ‘ನಾನೇ ಮಾಡ್ಕೋತೀನಿ.’ ಅಡುಗೆ? ‘ಸಾರು, ಪಲ್ಯ ಎಲ್ಲಾ ಮಾಡ್ತೀನಿ.’ ಕೊನೆಯ ಸಲ ಒಲೆ ಮುಂದೆ ನಿಂತದ್ದು ಯಾವಾಗ ಅಂತ ನಿಮಗೆ ಗೊತ್ತು, ಆದರೂ ನೀವು ಸುಮ್ನೆ ಕೂತಿರುತ್ತೀರಿ. ಬಂದವರು ಕೇಳಿದ್ದನ್ನು, ಕಂಡದ್ದನ್ನು ಬರೆದುಕೊಳ್ಳುತ್ತಾರೆ. ಹಂತ ನಿರ್ಧಾರವಾಗುವುದು ಅದರ ಮೇಲೆಯೇ. ಒಂದನೇ ಹಂತಕ್ಕೆ ವರ್ಷಕ್ಕೆ ಸುಮಾರು 11 ಸಾವಿರ ಡಾಲರ್, ಎಂಟನೆಯದಕ್ಕೆ ಸುಮಾರು 78 ಸಾವಿರ. ‘ನಾನೇ ಮಾಡ್ಕೋತೀನಿ’ ಎಂಬ ಮಾತಿಗೆ ಎಷ್ಟು ಬೆಲೆ ತೆರುತ್ತೇವೆ ನೋಡಿ.

ಅಮ್ಮನ ಮೇಲೆ ಸಿಟ್ಟಾಗಬೇಡಿ. ಜೀವನವಿಡೀ ಮನೆ ನಡೆಸಿದವರು ಹೊರಗಿನವರ ಮುಂದೆ ‘ಕೈಲಾಗಲ್ಲ’ ಅನ್ನುವುದಿಲ್ಲ. ನನ್ನ ಬೇಸರ ಮಕ್ಕಳ ಮೇಲೆ. ದುಭಾಷಿಯ ಕೆಲಸಕ್ಕೂ ನೀವೇ ಕೂರುತ್ತೀರಿ. ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ ಅಂತ ಯಾವ ತಾಯಿ ಮಗನ ಬಾಯಲ್ಲಿ ಹೇಳಿಸುತ್ತಾಳೆ? ಕನ್ನಡ ದುಭಾಷಿ ಬೇಕು ಎಂದು, ಹಿರಿಯರ ನೆರವಿಗೆ ಅರ್ಜಿ ತೆಗೆದುಕೊಳ್ಳುವ ಸರ್ಕಾರದ ಮೈ ಏಜ್ಡ್ ಕೇರ್‌ಗೆ ಫೋನ್ ಮಾಡಿದಾಗಲೇ (1800 200 422) ಕೇಳಿ. ಅದಕ್ಕೆ ದುಡ್ಡಿಲ್ಲ.

ಈಗ ಮಾಡಬೇಕಾದದ್ದು. ನಿಮಗೆ ಬಂದ ನಿರ್ಧಾರದ ಪತ್ರ ತೆಗೆಯಿರಿ. ಮರುಪರಿಶೀಲನೆ ಕೇಳಲು 28 ದಿನ ಇರುತ್ತದೆ. ಇವತ್ತಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆದಿಡಿ: ರಾತ್ರಿ ಎಷ್ಟು ಸಲ ಎದ್ದರು, ಬಚ್ಚಲಲ್ಲಿ ಯಾರು ಕೈ ಹಿಡಿದರು, ಯಾವ ಮಾತ್ರೆ ಮರೆತರು. ಬಿದ್ದದ್ದು ಯಾವಾಗ, ಎಲ್ಲಿ ಅಂತ ನಿಮ್ಮ ಜಿ.ಪಿ. (ಮಾಮೂಲಿ ಡಾಕ್ಟರ್) ಹತ್ತಿರ ಪತ್ರ ತೆಗೆದುಕೊಳ್ಳಿ. ಆರಾಮಾಗಿದ್ದ ದಿನ ಬೇಡ, ಕೈಲಾಗದೆ ಮಲಗಿದ್ದ ದಿನದ ಬಗ್ಗೆ ಹೇಳಿ. ಆದರೆ ಇಲ್ಲದ್ದನ್ನು ಸೇರಿಸಬೇಡಿ. ಎದ್ದು ಕೂರುವುದನ್ನು ನೋಡಿದರೆ ಸಾಕು, ಅನುಭವ ಇದ್ದವರಿಗೆ ತಿಳಿಯುತ್ತದೆ. ಆಮೇಲೆ ನಿಜ ಹೇಳಿದರೂ ನಂಬುವುದು ಕಷ್ಟ.

ಇನ್ನೊಂದು ಮಾತು. ಕಡಿಮೆ ಬಂತೆಂದು ಬೇಸರದಲ್ಲಿ ಎರಡನೇ ಹಂತವನ್ನು ಬಿಟ್ಟು ಕೂರಬೇಡಿ. ಹಣ ಮಂಜೂರಾದ ಮೇಲೆ ಸೇವೆ ಕೊಡುವ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಳ್ಳಲು ಇರುವುದು 56 ದಿನ. ಸುಮ್ಮನಿದ್ದರೆ ಅದು ಕೈತಪ್ಪುತ್ತದೆ. ಬಚ್ಚಲಿಗೆ ಹಿಡಿಕಂಬಿ, ಸ್ನಾನದ ಕುರ್ಚಿ ಇವಕ್ಕೆಲ್ಲ ಬೇರೆಯೇ ಹಣ ಇದೆ, ಅಸೆಸ್‌ಮೆಂಟ್‌ನಲ್ಲೇ ಕೇಳಬೇಕು. ಎರಡು ಸಲ ಬಿದ್ದವರು ಮೂರನೇ ಸಲ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದನ್ನು ನಾನು ಜಾಸ್ತಿ ನೋಡಿದ್ದೇನೆ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಈ ವಾರವೇ ಹಿಡಿಕಂಬಿಯನ್ನು ಕೈಯಿಂದ ದುಡ್ಡು ಹಾಕಿಯಾದರೂ ಹಾಕಿಸುತ್ತಿದ್ದೆ.

ಪ್ರಶ್ನೆ: ಅಪ್ಪ ವಿಸಿಟರ್ ವೀಸಾದಲ್ಲಿ ಬಂದಿದ್ದಾರೆ. ಆರು ತಿಂಗಳ ಮಟ್ಟಿಗೆ ಈ ನೆರವು ಸಿಗುತ್ತದಾ?

ಇಲ್ಲ.

ಪ್ರಶ್ನೆ: ಆ ದುಡ್ಡನ್ನು ನಮ್ಮ ಖಾತೆಗೇ ಹಾಕಿದರೆ ನಾವೇ ನೋಡಿಕೊಳ್ಳುತ್ತೇವೆ, ಆಗುತ್ತದಾ?

ಆಗುವುದಿಲ್ಲ. ಅದು ಸಂಸ್ಥೆಯ ಮೂಲಕವೇ ಖರ್ಚಾಗುತ್ತದೆ.

ಪ್ರಶ್ನೆ: ಇಲ್ಲಿಯ ಪಿಂಚಣಿ ಇಲ್ಲದವರಿಗೆ ಈ ನೆರವೂ ಇಲ್ಲ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂತು.

ಸುಳ್ಳು. ಪಿಂಚಣಿಗೆ ಸಾಮಾನ್ಯವಾಗಿ ಹತ್ತು ವರ್ಷ ಇಲ್ಲಿ ವಾಸ ಇರಬೇಕು, ಇದು ಬೇರೆ ಯೋಜನೆ. ಆದರೆ ನಿಮ್ಮ ಪಾಲಿನ ಶುಲ್ಕ ಆದಾಯ, ಆಸ್ತಿ ನೋಡಿ ನಿಗದಿಯಾಗುತ್ತದೆ. ಸರ್ವಿಸಸ್ ಆಸ್ಟ್ರೇಲಿಯಾ ಎಂಬ ಸರ್ಕಾರಿ ಇಲಾಖೆಗೆ ಆ ವಿವರ ಕೊಡದಿದ್ದರೆ ಅತಿ ಹೆಚ್ಚಿನ ದರ ಬೀಳುತ್ತದೆ. ನರ್ಸ್, ಫಿಸಿಯೋಥೆರಪಿಗೆ ಯಾರೂ ಪಾಲು ಕೊಡಬೇಕಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟರೆ ದೊಡ್ಡ ಹಂತ ಕೊಡಿಸುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ.

ಒಂದು ಡಾಲರ್ ಕೂಡ ಕೊಡಬೇಡಿ. ಅಸೆಸ್‌ಮೆಂಟ್ ಉಚಿತ. ಹಂತ ಕೊಡಿಸುವ ಶಕ್ತಿ ಯಾವ ಏಜೆಂಟನಿಗೂ ಇಲ್ಲ. ವಯಸ್ಸಾದವರ ಭಯದಿಂದ ದುಡ್ಡು ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮರುಪರಿಶೀಲನೆಗೆ ನಿಮ್ಮ ಪರ ನಿಲ್ಲುವವರು ಬೇಕಾದರೆ ‘ಓಪ್ಯಾನ್’ (OPAN) ಎಂಬ ಹಿರಿಯರ ವಕಾಲತ್ತು ಜಾಲ ಇದೆ, 1800 700 600. ಅವರು ಕಾಸು ಕೇಳುವುದಿಲ್ಲ.